ನಿಲ್ಲಿಸುವ ಹಕ್ಕು ನೆರೆಯವರಿಗೆ

“ನಿನ್ನ ಡಬ್ಬಕ್ಕೆ ದೆವ್ವ ಹಿಡ್ದೈತೆ ಕಣವ್ವ. ಬಂದು ಬುಡಿಸ್ಕೊಡು, ಇಲ್ಲಾಂದ್ರೆ ಕಿತ್ತು ಕೆರೆಗೆ ಎಸ್ದುಬುಡ್ತೀನಿ!”

ನಮ್ಮ ಗಿರಾಕಿ, ವನಗೂರಿನ ಅಕ್ಕ ಫೋನಿನಲ್ಲಿ ಹೀಗೆ ಕೂಗಿದಾಗ ನಾನು ಸಕಲೇಶಪುರದ ನಮ್ಮ ಕಂಪನಿಯಲ್ಲಿ ಅಂಥವೇ ಡಬ್ಬಗಳನ್ನು ಪರೀಕ್ಷೆ ಮಾಡುತ್ತಿದ್ದೆ. ಡಬ್ಬವೆಂದರೆ ಮೊಬೈಲ್ ಸ್ಟಾರ್ಟರ್. ಒಳಗೊಂದು ಸಿಮ್ ಹಾಕಿ ಪಂಪ್‌ಹೌಸಿನ ಗೋಡೆಗೆ ಕೂರಿಸುತ್ತೇವೆ. ಮನೆಯಿಂದಲೇ ಆ ನಂಬರಿಗೆ ಕೋಡ್ ಸಹಿತ ಮೆಸೇಜ್ ಕಳಿಸಿದರೆ ಮೋಟಾರ್ ಓಡುತ್ತದೆ, ಇನ್ನೊಂದು ಕಳಿಸಿದರೆ ನಿಲ್ಲುತ್ತದೆ. ಅದರೊಳಗಿನ ಪ್ರೋಗ್ರಾಂ ಬರೆದವಳು ನಾನು. ಹಾಗಾಗಿ ದೆವ್ವ ಹಿಡಿದರೆ ಬೈಗುಳವೂ ನನ್ನ ಪಾಲಿಗೇ.

“ಏನಾಯ್ತಕ್ಕ, ನಿಧಾನಕ್ಕೆ ಹೇಳಿ.”

“ಏನ್ ನಿಧಾನ? ಕೋಳಿಗೆ ಅಕ್ಕಿ ಹಾಕ್ತಾ ನಿಂತಿದ್ದೆ, ಮೋಟಾರ್ ತಂತಾನೇ ಶುರುವಾಗ್ಬುಡ್ತು. ಆಫ್ ಮಾಡೋಕೆ ಫೋನೇ ಸಿಗ್ನಿಲ್ಲ, ಎದ್ದೂಬಿದ್ದೂ ಓಡ್ಹೋಗಿ ಮೈನ್ ಕಿತ್ತೆ. ಅಷ್ಟರಲ್ಲಿ ತೋಟದ ಕೆಳಗಿನ ತುಂಡು ಅರ್ಧಂಬರ್ಧ ನೆಂದೋಗೈತೆ. ನನ್ನ ಹೂವು ಹೋಯ್ತು ಕಣವ್ವ!”

ಕಾಫಿ ಬೆಳೆಯದವರಿಗೆ ಇದರಲ್ಲಿ ಅಳುವಂಥದ್ದೇನು ಎನ್ನಿಸಬಹುದು. ರೊಬಸ್ಟಾ ಗಿಡದಲ್ಲಿ ಮೊಗ್ಗು ಬಲಿತು ಒಂದು ಒಳ್ಳೆಯ ಮಳೆಗಾಗಿ ಕಾದಿರುತ್ತದೆ. ಮಳೆ ಕೈಕೊಟ್ಟರೆ ನಾವೇ ಜೆಟ್ಟಿನಲ್ಲಿ, ಅಂದರೆ ತಿರುಗುವ ಸ್ಪ್ರಿಂಕ್ಲರಿನಲ್ಲಿ, ನೀರು ಹಾರಿಸಿ ಹೂಮಳೆ ಮಾಡುತ್ತೇವೆ. ಮಾಡಿದರೆ ಬೇರಿನವರೆಗೂ ನೆನೆಸಬೇಕು. ಬಲಿಯುವ ಮೊದಲೇ ಅರೆಬರೆ ನೆನೆದ ಮೊಗ್ಗು ಎಚ್ಚೆತ್ತು, ಅರಳಲು ಶಕ್ತಿ ಸಾಲದೆ ಕೆಂಪಗೆ ಮುರುಟಿ ಉದುರುತ್ತದೆ. ಹೂವು ಹೋದರೆ ಆ ವರ್ಷದ ಕಾಫಿಯೇ ಹೋಯಿತು. ಅಕ್ಕನದು ಸಣ್ಣ ತೋಟ, ಸಣ್ಣ ಕೆರೆ. ಇನ್ನಷ್ಟು ದಿನ ಮೊಗ್ಗು ಬಲಿಯಲೆಂದು ಅವರು ಜೆಟ್ಟುಗಳನ್ನು ಕೆಳಗಿನ ತುಂಡಿನಲ್ಲಿ ಸಿದ್ಧವಾಗಿ ನಿಲ್ಲಿಸಿ ಕಾಯುತ್ತಿದ್ದರು. ಕೆರೆಯಲ್ಲಿ ಉಳಿದ ನೀರು ಮೇಲಿನ ತೋಟಕ್ಕೆ ಒಂದೇ ಒಂದು ಹೂಮಳೆಗೆ ಸಾಕು. ಇನ್ನೊಮ್ಮೆ ಮೋಟಾರ್ ತಾನಾಗಿ ಓಡಿದರೆ ಅದೂ ಇರುವುದಿಲ್ಲ.

ಮೈನ್ ಕಿತ್ತಿಟ್ಟು ಬೇಕಾದಾಗ ಕೈಯಲ್ಲೇ ಹಾಕಿಕೊಳ್ಳಿ ಎನ್ನಲು ಬಾಯಿ ಬರಲಿಲ್ಲ. ಪಂಪ್‌ಹೌಸ್ ಇರುವುದು ಕಾಡಂಚಿನ ಹಳ್ಳದಲ್ಲಿ, ಆನೆ ದಾರಿಯಲ್ಲಿ. ಮೂರು ಫೇಸ್ ಕರೆಂಟ್ ಬರುವುದು ಯಾವ ಹೊತ್ತಿಗೋ. ಆ ಹೊತ್ತಿನಲ್ಲೆಲ್ಲ ಅಲ್ಲಿಗೆ ಇಳಿಯುವ ಧೈರ್ಯ ಯಾರಿಗೂ ಇಲ್ಲ. ಆ ಭಯಕ್ಕೇ ನಮ್ಮ ಡಬ್ಬ ಖರ್ಚಾಗುವುದು.

ಸಿಕ್ಕಿದ ಜೀಪು ಹತ್ತಿ ಹೋದೆ. ಅಕ್ಕ ಬೈಯುವ ಬದಲು ಕಾಫಿ ಕೊಟ್ಟರು. ಬೈದಿದ್ದರೇ ಚೆನ್ನಾಗಿತ್ತು. ಡಬ್ಬ ಬಿಚ್ಚಿ ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಿದರೆ ದೆವ್ವವೂ ಇಲ್ಲ, ಭೂತವೂ ಇಲ್ಲ. ಸರಿಯಾದ ಕೋಡಿನ ಸಮೇತ ಒಂದು ಮೆಸೇಜ್ ಬಂದಿತ್ತು, ಡಬ್ಬ ವಿಧೇಯವಾಗಿ ಮೋಟಾರ್ ಓಡಿಸಿತ್ತು. ಕಳಿಸಿದ ನಂಬರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಎತ್ತಿದವರು ಗುಡ್ಡದಾಚೆಯ ದೊಡ್ಡ ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರ್. ಅಲ್ಲೂ ನಮ್ಮದೇ ಡಬ್ಬ.

“ಬೆಳಿಗ್ಗೆ ಮೋಟಾರ್ ಆನ್ ಮಾಡಿದ್ರಾ?”

“ಮಾಡ್ದೆ. ಆದ್ರೆ ಓಡ್ಲೇ ಇಲ್ಲ ಮಾರಾಯ್ತಿ. ನಿಮ್ಮ ಡಬ್ಬ ಬರೀ ಓಳು.”

“ಓಡಿದೆ ಸಾರ್. ವನಗೂರಿನ ಅಕ್ಕನ ತೋಟದಲ್ಲಿ ಓಡಿದೆ.”

 “ಅಯ್ಯೋ ಶಿವನೇ!” ಎಂದರು.

ರೈಟರ್ ನಂಬರಿನ ಕೊನೆಯ ಅಂಕಿಯೊಂದನ್ನು ತಪ್ಪಾಗಿ ಒತ್ತಿದ್ದರು, ಅಷ್ಟೇ. ಅಷ್ಟಕ್ಕೇ ಬೇರೆಯವರ ಮೋಟಾರ್ ಹೇಗೆ ಓಡುತ್ತದೆ? ಓಡುವ ಹಾಗೆ ನಾವು ಮಾಡಿಟ್ಟಿದ್ದೆವು! ಕಂಪನಿ ಸಿಮ್‌ಗಳನ್ನು ಒಟ್ಟಿಗೆ ಕೊಂಡಿತ್ತು, ನಂಬರುಗಳೆಲ್ಲ ಒಂದರ ಬೆನ್ನಿಗೊಂದು. ಕೋಡೂ ಎಲ್ಲ ಡಬ್ಬಕ್ಕೂ ಒಂದೇ. ಅದನ್ನು ಮುಚ್ಚಳದ ಮೇಲೇ ಅಚ್ಚು ಹಾಕಿ, ಕೆಳಗೆ ‘ದಯವಿಟ್ಟು ಬದಲಾಯಿಸಿಕೊಳ್ಳಿ’ ಎಂದು ಬರೆದಿದ್ದೆವು. ಒಬ್ಬರೂ ಬದಲಾಯಿಸಿರಲಿಲ್ಲ.

“ಯಾಕಕ್ಕ ಬದಲಾಯಿಸಲಿಲ್ಲ?” ಎಂದು ಸಿಡುಕಿದೆ. ನನ್ನ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯಲ್ಲೂ ಹೇಳುತ್ತಾರೆ.

“ಬದ್ಲಾಯ್ಸಿದ್ರೆ ಆಚೆಮನೆಯೋರಿಗೆ ಗೊತ್ತಾಗೋದೆಂಗೆ?” ಅಕ್ಕ ನನಗಿಂತ ಜೋರಾಗಿ ಕೇಳಿದರು. “ಹೋದ್ವರ್ಷ ನಾನು ಆಸ್ಪತ್ರೇಲಿದ್ದೆ. ಪೈಪು ಬಾಯ್ಬುಟ್ಟು ನೀರೆಲ್ಲ ಹಳ್ಳಕ್ಕೆ ಹೋಗ್ತಿತ್ತು, ಕೆರೆ ಏರಿ ಮೇಲೆ ಆನೆ ನಿಂತಿತ್ತು. ಆಚೆಮನೆಯೋರು ಮನೇಲಿ ಕೂತೇ ಆಫ್ ಮಾಡುದ್ರು. ನಮ್ ಕಡೆ ಎಲ್ಲಾರೂ ಹಂಗೇ. ಕೋಡ್ ಬಚ್ಚಿಡೋನು ನೆರೆಯೋನಾ?”

ಇದು ನನಗೆ ಗೊತ್ತಿರಲಿಲ್ಲ. ನಾವು ಬೀಗವೆಂದುಕೊಂಡಿದ್ದನ್ನು ಗುಡ್ಡದವರು ನೆರೆಹೊರೆಯ ಕೀಲಿಕೈ ಮಾಡಿಕೊಂಡಿದ್ದರು.

ವಾಪಸು ಬಂದು ಮಾಲೀಕರಿಗೆ ಎಲ್ಲವನ್ನೂ ಹೇಳಿದೆ. ಅವರು ಕೆಟ್ಟವರೇನಲ್ಲ. ಆದರೆ ತಪ್ಪು ಒಪ್ಪಿಕೊಳ್ಳುವುದೆಂದರೆ ಅವರಿಗೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟ.

“ರೈಟರ್ ತಪ್ಪು ಒತ್ತಿದ್ದಕ್ಕೆ ನಾವೇನ್ರೀ ಮಾಡೋಣ? ಬದಲಾಯಿಸಿಕೊಳ್ಳಿ ಅಂತ ಬರೆದಿದೀವಲ್ಲ.”

“ಬಾಗಿಲೇ ಇಡದೆ ಮನೆ ಕಟ್ಟಿಕೊಟ್ಟು, ಕಳ್ಳರಿದ್ದಾರೆ ಎಚ್ಚರಿಕೆ ಅಂತ ಬೋರ್ಡ್ ಹಾಕಿದ ಹಾಗಾಯ್ತು ಸಾರ್.”

“ಹಾಗಾದ್ರೆ ನೀವೇ ಹೋಗಿ ಬಾಗಿಲಿಡಿ.”

ಇಟ್ಟೆ. ಗುಡ್ಡ ಹತ್ತಿಳಿದು ಸಿಕ್ಕಿದ ಡಬ್ಬಗಳಿಗೆಲ್ಲ ಬೇರೆ ಬೇರೆ ಕೋಡ್ ಹಾಕಿದೆ, ಯಾರಿಗೂ ಹೇಳಬೇಡಿ ಎಂದು ಗದರಿಸಿಯೂ ಬಂದೆ. ಅದಾಗಿ ಕೆಲವೇ ದಿನಕ್ಕೆ ಮಗ್ಗೆಯಿಂದ ಕರೆ ಬಂತು. ಮಗ್ಗೆ ನನ್ನ ತವರು. ಅಲ್ಲಿನ ಬೆಳೆಗಾರರೊಬ್ಬರು ನೆಂಟರ ಮದುವೆಗೆ ಹೋಗಿ ಫೋನನ್ನು ಕಾರಿನಲ್ಲೇ ಬಿಟ್ಟಿದ್ದರಂತೆ. ಇತ್ತ ಪೈಪಿನ ಕೀಲು ಕಳಚಿ ನೀರು ರಸ್ತೆಗೆ ಹರಿದಿದೆ. ಪಕ್ಕದವರು ಹಳೆಯ ಕೋಡನ್ನು ಮತ್ತೆ ಮತ್ತೆ ಕಳಿಸಿದ್ದಾರೆ. ಡಬ್ಬ ಜಪ್ಪಯ್ಯ ಎಂದರೂ ಕೇಳಿಲ್ಲ. ಪಂಪ್‌ಹೌಸಿನ ದಾರಿಯಲ್ಲಿ ಆನೆ ಹಿಂಡು. ಹಿಂಡು ದಾರಿ ಬಿಡುವ ಹೊತ್ತಿಗೆ ಕೆರೆ ಬರಿದು.

“ಬೀಗ ಹಾಕ್ಕೊಡು ಅಂದ್ರೆ ಮನೆಯೋರ್ನ ಹೊರಗಿಟ್ಟು ಬೀಗ ಹಾಕ್ಬುಟ್ಟಲ್ಲ ತಾಯಿ!” ಎಂದು ಆ ಬೆಳೆಗಾರರು ನನ್ನ ಜನ್ಮ ಜಾಲಾಡಿದರು. ಸಂಜೆಯೊಳಗೆ ಅದು ಅಮ್ಮನ ಕಿವಿಗೂ ಮುಟ್ಟಿತು. ಅಮ್ಮ ಫೋನ್ ಮಾಡಿ, “ಊರೋರ ಬಾಯಿಗೆ ಬೀಳೋ ಅಂಥದ್ದು ಏನ್ ಮಾಡ್ಕೊಂಡ್ಯೇ?” ಎಂದರು. ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು, ನನ್ನ ಮೇಲೇ. ತೆರೆದಿಟ್ಟರೆ ಅಕ್ಕನ ನೀರು ಹೋಗುತ್ತದೆ, ಮುಚ್ಚಿದರೆ ಮಗ್ಗೆಯವರದು ಹೋಗುತ್ತದೆ. ಇತ್ತ ವನಗೂರಿನಲ್ಲಿ ಮೊಗ್ಗು ಬಲಿಯುತ್ತಿತ್ತು.

ಆಗ ನೆನಪಾದದ್ದು ಭಂಡಾರ. ನಮ್ಮ ಸೀಮೆಯಲ್ಲಿ ಸ್ಟಾರ್ಟರ್, ಗೇಟು, ಆನೆ ಸೈರನ್, ಕಾಫಿ ಸ್ಟೋರಿನ ಅಲಾರಾಂ ಮಾಡುವ ಸಣ್ಣಪುಟ್ಟ ವರ್ಕ್‌ಶಾಪುಗಳು ಸೇರಿ ಇಂಟರ್ನೆಟ್ಟಿನಲ್ಲಿ ಒಂದು ಮಾದರಿ ಭಂಡಾರ ಇಟ್ಟುಕೊಂಡಿವೆ. ಶುರು ಮಾಡಿದವರು ಹಾಸನದ ಕಾಲೇಜೊಂದರ ಮೇಷ್ಟ್ರು. ಒಂದು ಸಮಸ್ಯೆಗೆ ಒಂದು ಪುಟ. ತೊಂದರೆ ಯಾವಾಗ ಬರುತ್ತದೆ, ಹೇಗೆ ಬಿಡಿಸಿದೆವು, ಯಾವ ಕಡೆ ಇದನ್ನು ಬಳಸಬಾರದು, ಇಷ್ಟನ್ನು ಬರೆಯಬೇಕು. ಕೊನೆಯಲ್ಲಿ ‘ಎಲ್ಲಿ ಕೆಟ್ಟಿತು’ ಎಂಬ ಭಾಗ ಕಡ್ಡಾಯ. ಅದನ್ನು ಖಾಲಿ ಬಿಟ್ಟರೆ ಮೇಷ್ಟ್ರು ಪುಟವನ್ನೇ ಹಿಂದಕ್ಕೆ ಕಳಿಸುತ್ತಾರೆ. ಒಬ್ಬರು ಎಡವಿದ ಕಲ್ಲಿಗೆ ಇನ್ನೊಬ್ಬರು ಎಡವಬಾರದು ಎಂಬುದು ಅವರ ಹಟ. ನಮ್ಮ ಕಂಪನಿಯೂ ಸದಸ್ಯ. ಆದರೆ ಮಾಲೀಕರ ಅಪ್ಪಣೆ ಸ್ಪಷ್ಟವಾಗಿತ್ತು: ಅಲ್ಲಿಂದ ತೆಗೆದುಕೊಳ್ಳುವುದು, ಅಲ್ಲಿಗೆ ಏನೂ ಕೊಡಬಾರದು.

ಹುಡುಕುತ್ತಾ ಹೋದರೆ ಗೇಟಿನ ಬಗ್ಗೆ ಒಂದು ಪುಟ ಸಿಕ್ಕಿತು. ಬರೆದವರು ಮಾರನಹಳ್ಳಿಯ ಗೇಟಿನ ವರ್ಕ್‌ಶಾಪಿನವರು. ಎಸ್ಟೇಟಿನ ಗೇಟು ಮುಚ್ಚಿದಾಗಲೆಲ್ಲ ತಾನೇ ಯಜಮಾನರ ಫೋನಿಗೆ ಒಂದು ಹೊಸ ಕೋಡ್ ಕಳಿಸುತ್ತದೆ. ಮುಂದಿನ ಸಲ ತೆರೆಯುವುದು ಆ ಕೋಡಿಗೆ ಮಾತ್ರ, ಅದೂ ಒಂದೇ ಸಲ. ಹಳೆಯದು ಯಾರ ಕೈಗೆ ಸಿಕ್ಕರೂ ಕೆಲಸಕ್ಕೆ ಬಾರದು. ಓದಿ ನನ್ನ ಹಣೆ ನಾನೇ ಚಚ್ಚಿಕೊಂಡೆ. ಪಕ್ಕದ ಊರಿನಲ್ಲಿ ಬಿಡಿಸಿಟ್ಟ ಲೆಕ್ಕಕ್ಕೆ ನಾನು ಗುಡ್ಡ ಸುತ್ತುತ್ತಿದ್ದೆನಲ್ಲ!

ಬಸ್ಸು ಹಿಡಿದು ಮಾರನಹಳ್ಳಿಗೆ ಹೋದೆ. ಗೇಟಿನವರು ವೆಲ್ಡಿಂಗ್ ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿ ನಕ್ಕರು. ನಮ್ಮ ಗಿರಾಕಿಗಳಲ್ಲಿ ಕೆಲವರನ್ನು ಅವರು ಸೆಳೆದುಕೊಂಡಿದ್ದರು, ಅವರದ್ದರಲ್ಲಿ ಕೆಲವರನ್ನು ನಾವು.

“ಏನ್ ಇಂಜಿನಿಯರಮ್ಮ, ದಾರಿ ತಪ್ಪಿ ಬಂದ್ರಾ?”

“ನಿಮ್ಮ ಗೇಟಿನ ಪುಟ ಓದಿ ಬಂದೆ. ಮೋಟಾರಿಗೆ ಕೂರಿಸಬೇಕು.”

“ಕೂರ್ಸಿ. ಅದಕ್ಕೇ ಅಲ್ವಾ ಹಾಕಿರೋದು. ಆದ್ರೆ ಒಂದ್ ಯೋಚ್ನೆ ಮಾಡಿ. ಗೇಟು ತೆಗೀದೇ ಹೋದ್ರೆ ಜೀಪು ಹೊರಗೆ ನಿಲ್ತೈತೆ, ಅಷ್ಟೇ. ನಿಮ್ ಮೋಟಾರ್ ನಿಲ್ದೇ ಹೋದ್ರೆ?”

ಆ ಪ್ರಶ್ನೆಯಿಂದಲೇ ಗಂಟು ಬಿಚ್ಚಿತು. ಓಡಿಸುವುದು, ನಿಲ್ಲಿಸುವುದು ಎರಡಕ್ಕೂ ನಾನು ಒಂದೇ ಬೀಗ ಹಾಕಿದ್ದೆ. ಗುಡ್ಡದವರಿಗೆ ನೆರೆಯವರು ಬೇಕಾಗಿದ್ದದ್ದು ನಿಲ್ಲಿಸುವುದಕ್ಕೆ. ಓಡಿಸುವುದಕ್ಕೆ ಯಾರೂ ಯಾರನ್ನೂ ಕರೆದಿರಲಿಲ್ಲ. ಹಾಗಾದರೆ ಓಡಿಸಲು ಗೇಟಿನ ಒಂದು ಸಲದ ಕೋಡ್, ಮೋಟಾರ್ ನಿಂತಾಗಲೆಲ್ಲ ಹೊಸದು, ಅದು ಯಜಮಾನರ ಕೈಯಲ್ಲಿ ಮಾತ್ರ. ನಿಲ್ಲಿಸಲು ಕೋಡೇ ಬೇಡ. ಯಜಮಾನರು ಒಪ್ಪಿ ಸೇರಿಸಿದ ನೆರೆಯವರ ನಂಬರಿನಿಂದ ‘ನಿಲ್ಲು’ ಎಂದು ಬಂದರೆ ಸಾಕು, ಮೋಟಾರ್ ನಿಲ್ಲಬೇಕು, ಯಾರು ನಿಲ್ಲಿಸಿದರೆಂದು ಯಜಮಾನರಿಗೆ ತಿಳಿಯಬೇಕು. ಯಾರಾದರೂ ಕಿತಾಪತಿಗೆ ನಿಲ್ಲಿಸಿದರೂ ಅವತ್ತೇ ಮತ್ತೆ ಓಡಿಸಿಕೊಳ್ಳಬಹುದು. ಕಿತಾಪತಿಗೆ ಓಡಿಸಿದರೆ ಸುರಿದ ನೀರನ್ನು ಯಾರೂ ವಾಪಸು ತುಂಬಿಕೊಡುವುದಿಲ್ಲ.

ಗೇಟಿನವರ ಬೆಂಚಿನ ಮೇಲೇ ಕೂತು ಪ್ರೋಗ್ರಾಂ ಬರೆದೆ. ಅವರು ಟೀ ತರಿಸಿದರು, ನಡುನಡುವೆ ಕೊಂಕು ತೆಗೆದರು. ಹೊಸ ಪ್ರೋಗ್ರಾಂ ಹಾಕಿದ ಡಬ್ಬವನ್ನು ನಮ್ಮ ಕಂಪನಿಯಲ್ಲಿ ಓಡಿಸಿ ತೋರಿಸಿದಾಗ ಮಾಲೀಕರ ಮುಖ ಅರಳಿತು. ಭಂಡಾರಕ್ಕೆ ಪುಟ ಬರೆಯುತ್ತೇನೆ ಎಂದಾಗ ಬಾಡಿತು.

“ಏನಂತ ಬರೀತೀರಿ? ನಮ್ಮ ಡಬ್ಬದಲ್ಲಿ ತೂತಿತ್ತು ಅಂತಲೇ? ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಳ್ಳೋದು ಬೇಕಾ?”

“ಇದೇ ಸರ್ಕ್ಯೂಟ್ ಬೋರ್ಡು ತಂದು ಸ್ಟಾರ್ಟರ್ ಮಾಡೋರು ಆಲೂರಲ್ಲೂ ಇದ್ದಾರೆ ಸಾರ್. ಅವರೂ ಎಲ್ಲ ಡಬ್ಬಕ್ಕೂ ಒಂದೇ ಕೋಡ್ ಹಾಕ್ತಾರೆ, ಅಲ್ಲೂ ಇದೇ ತೂತಿದೆ. ಈಗ ಎಲ್ಲರದ್ದೂ ಹೂಮಳೆ ಶುರುವಾಗತ್ತೆ.”

“ಅವರ ತೂತು ಅವರು ಮುಚ್ಕೊಳ್ಳಲಿ. ಬರೆದ್ರೆ ಪೋಕರಿಗಳಿಗೂ ಗೊತ್ತಾಗತ್ತೆ.”

“ಪೋಕರಿಗಳಿಗೆ ನಾವು ಮುಚ್ಚಳದ ಮೇಲೇ ಅಚ್ಚು ಹಾಕಿ ಕೊಟ್ಟಿದೀವಲ್ಲ!”

“ಬರೀಬೇಡಿ ಅಂದ್ರೆ ಬರೀಬೇಡಿ. ನಮ್ಮ ಹೊಸ ಡಬ್ಬಕ್ಕೆ ಅದೇ ಬಂಡವಾಳ.”

ಮೈ ಉರಿದುಹೋಯಿತು. ಅರ್ಧ ವಿದ್ಯೆ ಭಂಡಾರದಿಂದ ಎತ್ತಿಕೊಂಡದ್ದು, ಉಳಿದ ಅರ್ಧ ವನಗೂರಿನವರ ಬಳಕೆಯಿಂದ ಕಲಿತದ್ದು. ನಡುವೆ ನಮ್ಮ ಬಂಡವಾಳ ಎಲ್ಲಿಂದ ಬಂತು? ಮನೆಗೆ ಹೋಗಿ ತಣ್ಣೀರು ಕುಡಿದೆ, ಸಿಟ್ಟು ಇಳಿಯಲಿಲ್ಲ. ಇಳಿಯದಿದ್ದುದೇ ಒಳ್ಳೆಯದಾಯಿತು. ಆ ಬೋರ್ಡು ಬಳಸುವ ವರ್ಕ್‌ಶಾಪುಗಳಿಗೆಲ್ಲ ಮೊದಲು ಫೋನ್ ಮಾಡಿ ತೂತು ಎಲ್ಲಿದೆ, ಹೇಗೆ ಮುಚ್ಚಬೇಕು ಎಂದು ಹೇಳಿದೆ. ಅವರೆಲ್ಲ ತಮ್ಮ ಗಿರಾಕಿಗಳ ಕೋಡ್ ಬದಲಾಯಿಸಿದೆವು ಎಂದ ಮೇಲೆ ಪುಟ ಬರೆದೆ. ‘ಎಲ್ಲಿ ಕೆಟ್ಟಿತು’ ಎಂಬಲ್ಲಿ ಒಂದರ ಬೆನ್ನಿಗೊಂದು ನಂಬರಿನ ಸಿಮ್ಮು, ಮುಚ್ಚಳದ ಮೇಲಿನ ಕೋಡು, ಮಗ್ಗೆಯ ಬರಿದಾದ ಕೆರೆ, ಒಂದನ್ನೂ ಬಿಡಲಿಲ್ಲ. ಕೆಳಗೆ ನನ್ನ ಹೆಸರು ಹಾಕಿ ಕಳಿಸಿದೆ.

ಮಾರನೆಯ ಬೆಳಿಗ್ಗೆ ಮೊದಲು ಬಂದ ಕರೆ ಗೇಟಿನವರದ್ದು.

“ಪುಟ ಓದ್ದೆ. ಆ ಹೊಸ ಕೋಡ್ ಎಲ್ಲಿ ಇಟ್ಕಂತೈತೆ ನಿಮ್ ಡಬ್ಬ?”

“ಮೆಮರಿಯಲ್ಲಿ.”

“ಯಾವ ಮೆಮರಿ? ಕರೆಂಟ್ ಹೋದ್ರೆ ಉಳೀತೈತಾ?”

ಸರ್ಕ್ಯೂಟಿನ ನಕ್ಷೆ ಬಿಚ್ಚಿ ನೋಡಿದೆ. ಉಳಿಯುವುದಿಲ್ಲ! ಒಳಗಿನ ಬ್ಯಾಟರಿ ಒಂದು ಮೆಸೇಜ್ ಕಳಿಸಿ ಮಲಗುವಷ್ಟರದ್ದು. ಕರೆಂಟ್ ಹೋಗಿ ಬಂದರೆ ಡಬ್ಬ ತಾನು ಕೊಟ್ಟ ಕೋಡನ್ನೇ ಮರೆತು, ಯಜಮಾನರನ್ನೇ ಯಾರು ನೀನು ಎಂದು ಕೇಳುತ್ತದೆ. ಕಂಪನಿಯ ಮೇಜಿನ ಮೇಲೆ ಇನ್ವರ್ಟರ್ ಇತ್ತು. ಹಾಗಾಗಿ ನನಗೆ ಅದು ಕಂಡಿರಲಿಲ್ಲ.

“ನಮ್ ಗೇಟಲ್ಲೂ ಮೊದ್ಲು ಹಿಂಗೇ ಆಗಿತ್ತು ಕಣ್ರೀ. ಪುಟದಲ್ಲಿ ಬರ್ಯೋಕೆ ಮರ್ತಿದ್ದೆ. ಈಗ್ಲೇ ಸೇರುಸ್ತೀನಿ. ನೀವು ಕೋಡನ್ನ ಅಳಿಯದಿರೋ ಜಾಗಕ್ಕೆ ಬರೀರಿ.”

ಪುಟ ಬರೆಯದೆ ಬಾಯಿ ಮುಚ್ಚಿಕೊಂಡಿದ್ದರೆ ಅದೇ ಡಬ್ಬವನ್ನು ಅಕ್ಕನ ಕೆರೆಗೆ ಕೂರಿಸುತ್ತಿದ್ದೆ. ತಿದ್ದಿ, ಇನ್ವರ್ಟರಿನ ವೈರು ಕಿತ್ತು, ಕರೆಂಟ್ ತೆಗೆದು ಕೊಟ್ಟು ಮಾಡಿ ನೋಡಿದೆ. ಡಬ್ಬ ಕೋಡನ್ನು ಮರೆಯಲಿಲ್ಲ. ಅದನ್ನು ಬಗಲಲ್ಲಿಟ್ಟುಕೊಂಡು ವನಗೂರಿನ ಜೀಪು ಹತ್ತಿದೆ.

ಮೊಗ್ಗು ಬಲಿತಿತ್ತು. ಆಳುಗಳು ಜೆಟ್ಟುಗಳನ್ನು ಮೇಲಿನ ತೋಟಕ್ಕೆ ಸಾಗಿಸಿದ್ದರು. ಹೊಸ ಡಬ್ಬ ಕೂರಿಸಿ, ಓಡಿಸುವ ಮೊದಲು ನಾನು ಗುಡ್ಡದಾಚೆಯ ರೈಟರಿಗೆ ಫೋನ್ ಮಾಡಿದೆ.

“ಸಾರ್, ಅವತ್ತಿನ ಥರ ಇನ್ನೊಂದು ಸಲ ತಪ್ಪು ಮೆಸೇಜ್ ಹಾಕಿ.”

“ಯಾಕ್ ತಾಯಿ, ಮತ್ತೆ ಬೈಸ್ಕೊಳ್ಳೋಕಾ? ಆ ಅಕ್ಕ ನನ್ನ ವಂಶಾನೇ ತೊಳ್ದವ್ರೆ.”

“ಅಕ್ಕನೇ ಹೇಳ್ತಿದಾರೆ, ಹಾಕಿ.”

ಅವರು ಶಿವನನ್ನು ನೆನೆದು ಹಾಕಿದರು. ಮೋಟಾರ್ ಮಿಸುಕಲಿಲ್ಲ. ‘ಬೇರೆ ಯಾರೋ ಓಡಿಸಲು ನೋಡಿದರು’ ಎಂದು ಅಕ್ಕನ ಫೋನ್ ಹೇಳಿತು. ಅಕ್ಕ ಅದನ್ನು ಜೋರಾಗಿ ಓದಿ, “ರೈಟ್ರೇ, ಸಿಕ್ಕಾಕ್ಕೊಂಡ್ರಿ!” ಎಂದು ಫೋನಿಗೆ ಕೂಗಿದರು. ಆಮೇಲೆ ತಮ್ಮ ಕೋಡ್ ಒತ್ತಿದರು. ಹಳ್ಳದ ಕಡೆಯಿಂದ ಮೋಟಾರಿನ ಸದ್ದು ಬಂತು, ಮೇಲಿನ ತೋಟದಲ್ಲಿ ಜೆಟ್ಟುಗಳು ತಿರುಗತೊಡಗಿದವು.

ನೀರು ಅರ್ಧ ತೋಟ ದಾಟುವಷ್ಟರಲ್ಲಿ ಕರೆಂಟ್ ಹೋಯಿತು. ಅಕ್ಕ ನನ್ನ ಮುಖ ನೋಡಿದರು. ನಾನು ಜೆಟ್ಟಿನ ಕಡೆ ನೋಡುತ್ತಾ ನಿಂತೆ. ಎಲ್ಲ ದೇವರಿಗೂ ಹರಕೆ ಹೊತ್ತೆ, ಗೇಟಿನವರಿಗೂ ಒಂದು. ಅಕ್ಕನ ಫೋನಿಗೆ ಹೊಸ ಕೋಡ್ ಬಂದಿತ್ತು. ಕರೆಂಟ್ ಬಂದಾಗ ಅವರು ಅದನ್ನು ಒತ್ತಿದರು. ಮೋಟಾರ್ ಮತ್ತೆ ಗುಡುಗಿತು. “ಭಲೇ ನನ್ ಮಗ್ಳೇ!” ಎಂದು ಅಕ್ಕ ನನ್ನ ಬೆನ್ನಿಗೆ ಕೊಟ್ಟ ಗುದ್ದಿಗೆ ಕಣ್ಣಲ್ಲಿ ನೀರು ಬಂತು. ತೋಟದ ಕೊನೆಯ ಸಾಲು ನೆನೆಯುವ ಹೊತ್ತಿಗೆ ಕೆರೆಯಲ್ಲಿ ಕೆಸರು ಕಾಣುತ್ತಿತ್ತು.

ಸಕಲೇಶಪುರದಲ್ಲಿ ಮಾಲೀಕರು ಪುಟವನ್ನು ತೆರೆದಿಟ್ಟುಕೊಂಡು ಕಾಯುತ್ತಿದ್ದರು.

“ತೆಗೀರಿ ಇದನ್ನ.”

“ತೆಗೆಯೋದಿಲ್ಲ ಸಾರ್. ಈ ಪುಟ ಇಲ್ಲದಿದ್ದರೆ ಅಕ್ಕನ ಮೋಟಾರ್ ನಡುದಾರಿಯಲ್ಲಿ ನಿಂತುಹೋಗ್ತಿತ್ತು.”

“ತೆಗೆಯೋದಿಲ್ಲ ಅಂದ್ರೆ ಇಲ್ಲಿ ಕೆಲಸ ಇಲ್ಲ.”

“ಬೇಡ ಬಿಡಿ.” ಕಂಪನಿಯ ಬೀಗದ ಕೈ ಮೇಜಿನ ಮೇಲಿಟ್ಟೆ.  ಬಸ್‌ಸ್ಟ್ಯಾಂಡಿಗೆ ನಡೆಯುತ್ತಾ ಅಮ್ಮನಿಗೆ ಏನು ಹೇಳುವುದೆಂದು ಯೋಚಿಸಿದೆ. ಗೇಟಿನವರು ಮರುದಿನವೇ, “ನಮ್ಮಲ್ಲಿ ಬೆಂಚ್ ಖಾಲಿ ಐತೆ, ಬೈಯ್ಯೋರು ಬೇಕಾಗಿತ್ತು” ಎಂದರು. ಅಲ್ಲಿಗೆ ಸೇರಿದೆ.

ಹೂವು ಅರಳಿದ ದಿನ ಅಕ್ಕ ಕರೆಸಿಕೊಂಡರು. ಮೇಲಿನ ತೋಟಕ್ಕೆ ತೋಟವೇ ಬೆಳ್ಳಗೆ. ಜೀಪು ತಿರುವಿನಲ್ಲಿರುವಾಗಲೇ ಘಮ ಬಂತು, ಹತ್ತಿರ ಹೋದರೆ ಜೇನುಹುಳದ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ. ಖುಷಿಯಲ್ಲಿ ಫೋನ್ ಎತ್ತಿ ಫೋಟೋ ತೆಗೆಯಹೋದೆ. ಅಕ್ಕ ಕೈ ಹಿಡಿದು ಇಳಿಜಾರಿಗೆ ಎಳೆದುಕೊಂಡು ಹೋದರು. ಕೆಳಗಿನ ತುಂಡಿನಲ್ಲಿ ಒಂದು ಹೂವಿಲ್ಲ. ಗೆಣ್ಣಿಗೆ ಗೆಣ್ಣು ಕೆಂಪಗೆ ಮುರುಟಿದ ಮೊಗ್ಗು. ಮುಟ್ಟಿದರೆ ಉದುರಿತು.

“ಮೇಲಿಂದು ಎಲ್ಲಾರೂ ತೆಗೀತಾರೆ. ನೀನು ಇದನ್ನ ತೆಗಿ. ನಿನ್ ಪುಟಕ್ಕೆ ಇದನ್ನಾಕು.”

ತೆಗೆದೆ. ಇಂಟರ್ನೆಟ್ ಸಿಗುವ ದಿಬ್ಬಕ್ಕೆ ಹತ್ತಿ ‘ಎಲ್ಲಿ ಕೆಟ್ಟಿತು’ ಎಂಬಲ್ಲಿ ಹಾಕಿದೆ. ಭಂಡಾರಕ್ಕೆ ಹೊಸದೇನು ಬಂದರೂ ಸದಸ್ಯರ ಫೋನಿಗೆ ಸುದ್ದಿ ಹೋಗುತ್ತದೆ. ತೆಗೆದುಕೊಳ್ಳುವುದರಲ್ಲಿ ನನ್ನ ಹಳೆಯ ಮಾಲೀಕರು ಎಂದೂ ಹಿಂದೆ ಬಿದ್ದವರಲ್ಲ. ನಾವಿನ್ನೂ ದಿಬ್ಬ ಇಳಿದಿರಲಿಲ್ಲ, ಅವರ ಕರೆ ಬಂತು.

“ಆ ಫೋಟೋನ ಪುಟದಿಂದ ತೆಗೆದುಬಿಡ್ರೀ. ಅದು ನಮ್ಮ ಡಬ್ಬದಿಂದ ಆದದ್ದು ಅಂತ ಊರಿಗೆಲ್ಲ ಗೊತ್ತಾಗತ್ತೆ.”

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಫೋನ್ ಕಿತ್ತುಕೊಂಡರು.

“ತೋಟ ನಂದು, ಮೊಗ್ಗು ನಂದು, ಫೋಟೋನೂ ನಂದೇ. ತೆಗಿಸ್ಬೇಕು ಅಂದ್ರೆ ನೀವೊಂದ್ಸಲ ಬಂದು ಈ ಗಿಡದಲ್ಲಿ ಹೂವು ಬಿಡ್ಸಿ. ಆಮೇಲೆ ತೆಗ್ಸಣ.”

ಫೋನ್ ನನ್ನ ಕೈಗೆ ಕೊಟ್ಟು ಅವರು ಮೇಲಿನ ತೋಟದ ಕಡೆ ನಡೆದರು. ಫೋಟೋ ಈಗಲೂ ಅಲ್ಲೇ ಇದೆ.